ಮನೆಯಲ್ಲೇ ಕಲಿಯುವ ಮಗುವಿನ ಪಾಠ ಮತ್ತು ಓದಿನ ರೂಢಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೂರನೇ ತರಗತಿ ಮುಗಿದ ಮೇಲೆ ಮಗಳನ್ನು ನಾವು ಶಾಲೆಗೆ ಕಳುಹಿಸಲಿಲ್ಲ. ಈಗ ಅವಳಿಗೆ ಹನ್ನೊಂದು ವರ್ಷ. ಮೈಸೂರಿನ ನಮ್ಮ ಮನೆಗೆ ಬಂದವರು, ಫೋನ್ ಮಾಡಿದವರು, ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅರ್ಧ ಉತ್ತರ ಹೇಳುವಷ್ಟರಲ್ಲಿ ಸಾರು ಬಂದುಬಿಡುತ್ತದೆ. ಹಾಗಾಗಿ ಇಲ್ಲಿ ಪೂರ್ತಿ ಬರೆದಿದ್ದೇನೆ. ನಾನು ಶಿಕ್ಷಕಿಯಲ್ಲ. ನಾಲ್ಕಾರು ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವವಳು. ನಮ್ಮ ಮನೆಯಲ್ಲಿ ನಡೆದದ್ದು ನಿಮ್ಮ ಮನೆಯಲ್ಲೂ ಹಾಗೆಯೇ ನಡೆಯಬೇಕೆಂದೇನೂ ಇಲ್ಲ.

ಮಗುವನ್ನು ಶಾಲೆಗೆ ಕಳುಹಿಸದಿರುವುದು ಕಾನೂನಿಗೆ ವಿರುದ್ಧವಲ್ಲವೇ?

ಎಲ್ಲರ ಮೊದಲ ಪ್ರಶ್ನೆ ಇದು. ಶಿಕ್ಷಣ ಹಕ್ಕು ಕಾಯಿದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎಂದು ಅದರ 10ನೇ ಕಲಂ ಹೇಳುತ್ತದೆ. ಆದರೆ ಸೇರಿಸದ ಪೋಷಕರಿಗೆ ಶಿಕ್ಷೆ ಎಂದು ಆ ಕಾಯಿದೆಯಲ್ಲಿ ಎಲ್ಲಿಯೂ ಬರೆದಿಲ್ಲ. ಮನೆಯಲ್ಲಿ ಕಲಿಸುವುದಕ್ಕೆ ಸ್ಪಷ್ಟ ಒಪ್ಪಿಗೆಯೂ ಇಲ್ಲ, ನಿಷೇಧವೂ ಇಲ್ಲ. ಮಾನ್ಯತೆ ಇಲ್ಲದೆ ಶಾಲೆ ನಡೆಸುವವರ ಮಾತು ಬೇರೆ, ಅವರಿಗೆ ಕಾಯಿದೆಯಲ್ಲಿ ದಂಡವಿದೆ. ನಾಲ್ಕು ಮನೆಯ ಮಕ್ಕಳನ್ನು ಕೂಡಿಸಿ, ಶುಲ್ಕ ಪಡೆದು, ಬೋರ್ಡು ಹಾಕುವ ಮುನ್ನ ಇದನ್ನು ಯೋಚಿಸಿ.

ಶಾಲೆಯಿಂದ ಹೊರಗುಳಿದ ಮಕ್ಕಳ ಲೆಕ್ಕ ತೆಗೆಯಲು ಬಂದವರು ಒಮ್ಮೆ ನಮ್ಮ ಬಾಗಿಲಿಗೂ ಬಂದರು. ದಿನ ದಿನದ ಪಾಠ ಬರೆದಿಟ್ಟ ನೋಟ್‌ಬುಕ್ ತೋರಿಸಿದೆ. ಹತ್ತು ನಿಮಿಷ ತಿರುವಿ ನೋಡಿದರು, ಕಾಫಿ ಕುಡಿದರು, ಹೋದರು. ಆ ನೋಟ್‌ಬುಕ್ ಇಲ್ಲದಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರ, ಅಂಕಪಟ್ಟಿ ಕೇಳಿ ಪಡೆದುಕೊಂಡು ಜೋಪಾನವಾಗಿಡಿ.

ದಿನಕ್ಕೆ ಎಷ್ಟು ಗಂಟೆ ಪಾಠ?

ಎರಡೂವರೆಯಿಂದ ಮೂರು ಗಂಟೆ. ಇಷ್ಟೇನಾ ಎಂದು ಹುಬ್ಬೇರಿಸುವವರು ಶಾಲೆಯ ಒಂದು ದಿನವನ್ನು ನೆನಪಿಸಿಕೊಳ್ಳಲಿ: ಪ್ರಾರ್ಥನೆ, ಹಾಜರಿ, ಹೋಂವರ್ಕ್ ತಿದ್ದುವುದು, ನಲವತ್ತು ಮಕ್ಕಳು ಬೋರ್ಡಿನ ಮೇಲಿನದನ್ನು ಬರೆದು ಮುಗಿಸುವವರೆಗೆ ಕಾಯುವುದು. ಒಂದು ಮಗು, ಒಬ್ಬ ದೊಡ್ಡವರು ಎಂದಾಗ ಇದೆಲ್ಲ ಇರುವುದಿಲ್ಲ. ಆರೇಳು ವರ್ಷದ ಮಗುವಿಗೆ ಒಂದು ಗಂಟೆ ಧಾರಾಳ.

ನಿಮ್ಮ ಮನೆಯ ವೇಳಾಪಟ್ಟಿ ಕೊಡಿ.

ಮೊದಲ ವರ್ಷ ಬಣ್ಣ ಬಣ್ಣದ ಪಟ್ಟಿ ಬರೆದು ಫ್ರಿಜ್‌ಗೆ ಅಂಟಿಸಿದ್ದೆ. ಎರಡೇ ವಾರಕ್ಕೆ ಸತ್ತುಹೋಯಿತು. ಒಂಬತ್ತು ಇಪ್ಪತ್ತಕ್ಕೆ ಇಂಗ್ಲಿಷ್ ಎಂದು ಬರೆದಿರುತ್ತದೆ, ಒಂಬತ್ತು ಹದಿನೈದಕ್ಕೆ ಗ್ಯಾಸ್ ಸಿಲಿಂಡರ್‌ನವನು ಬೆಲ್ ಮಾಡುತ್ತಾನೆ. ಐದು ನಿಮಿಷ ತಪ್ಪಿದರೆ ಇಡೀ ದಿನವೇ ತಪ್ಪಿತೆಂದು ಇಬ್ಬರಿಗೂ ಅನಿಸುತ್ತಿತ್ತು.

ಈಗ ಗಂಟೆಯ ಲೆಕ್ಕವಿಲ್ಲ, ಸರದಿಯ ಲೆಕ್ಕ. ತಿಂಡಿ ಆದ ಮೇಲೆ ಗಣಿತ. ಗಣಿತ ಆದ ಮೇಲೆ ಡಬ್ಬಿ (ಇದರ ಕಥೆ ಮುಂದೆ ಇದೆ). ಆಮೇಲೆ ಒಂದು ದಿನ ಕನ್ನಡ, ಒಂದು ದಿನ ಇಂಗ್ಲಿಷ್. ಹಾಲು ಕುಡಿದು ಅಂಗಳದಲ್ಲಿ ಒಂದು ಸುತ್ತು ಓಡಿ ಬಂದ ಮೇಲೆ ವಿಜ್ಞಾನ ಅಥವಾ ಸಮಾಜ. ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲ ಮುಗಿದಿರುತ್ತದೆ. ಊಟದ ನಂತರ ಅವಳು ಏನು ಓದಿದರೂ, ಓದದಿದ್ದರೂ ನಾನು ಕೇಳುವುದಿಲ್ಲ. ಶುಕ್ರವಾರ ಹೊಸ ಪಾಠವಿಲ್ಲ, ಹಳೆಯದಕ್ಕೆ ಮರಳುವುದಷ್ಟೇ.

ಸರದಿಗೆ ಒಂದು ಗುಣವಿದೆ. ತಿಂಡಿ ಎಂಟಕ್ಕಾದರೂ ಒಂಬತ್ತೂವರೆಗಾದರೂ ಅದರ ಹಿಂದೆಯೇ ಗಣಿತ ಬರುತ್ತದೆ. ತಟ್ಟೆ ತೊಳೆದಿಟ್ಟ ಕೈ ತಾನಾಗಿ ಸ್ಲೇಟಿನ ಕಡೆ ಹೋಗುವುದಕ್ಕೆ ನಮ್ಮಲ್ಲಿ ಸುಮಾರು ಮೂರು ತಿಂಗಳು ಹಿಡಿಯಿತು.

ಮಗು ‘ಓದಿದೆ, ಎಲ್ಲ ಗೊತ್ತು’ ಎನ್ನುತ್ತದೆ. ಕೇಳಿದರೆ ಬಾಯಿ ಬಿಡುವುದಿಲ್ಲ. ಏನು ಮಾಡುವುದು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ ಎಂದು ನನ್ನ ಅಭಿಪ್ರಾಯ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕಳೆದ ವರ್ಷ ಕಾವೇರಿ ನದಿಯ ಪಾಠ. ಮಗಳು ಎರಡು ಪುಟವನ್ನು ಮೂರು ಸಲ ಓದಿದಳು, ಪೆನ್ಸಿಲಿನಿಂದ ಅರ್ಧ ಪುಟಕ್ಕೆ ಅಡಿಗೆರೆ ಎಳೆದಳು, ‘ಆಯಿತು ಅಮ್ಮ’ ಎಂದಳು. ಪುಸ್ತಕ ಮುಚ್ಚಿ ಸ್ಲೇಟು ಕೊಟ್ಟೆ. ‘ನದಿ ಬರೆ. ಎಲ್ಲಿ ಹುಟ್ಟುತ್ತದೆ, ಯಾವ ನದಿ ಎಲ್ಲಿ ಸೇರುತ್ತದೆ, ಗುರುತು ಮಾಡು’ ಎಂದೆ. ತಲಕಾವೇರಿ ಬಂತು. ಕೆಆರ್‌ಎಸ್ ಬಂತು. ಒಂದು ಉದ್ದನೆಯ ಗೆರೆ ಸಮುದ್ರಕ್ಕೆ ಹೋಯಿತು. ಅಷ್ಟೇ. ಹೇಮಾವತಿ ಇಲ್ಲ, ಶಿಂಷಾ ಇಲ್ಲ. ಕಬಿನಿ ಕೂಡ ಇಲ್ಲ. ಅದು ಕಾವೇರಿಯನ್ನು ಸೇರುವ ತಿರುಮಕೂಡಲಿನಲ್ಲಿ ಕಾಲು ನೆನೆಸಿಕೊಂಡು ಬುತ್ತಿ ಬಿಚ್ಚಿ ತಿಂದು ಬಂದು ಆರು ತಿಂಗಳೂ ಆಗಿರಲಿಲ್ಲ.

ಅವಳು ಸುಳ್ಳು ಹೇಳಿರಲಿಲ್ಲ. ಪುಟ ಕಣ್ಣ ಮುಂದಿರುವಾಗ ಪ್ರತಿ ಸಾಲೂ ಪರಿಚಿತ ಅನಿಸುತ್ತದೆ. ಮೂರನೇ ಸಲ ಓದುವಾಗ ಇನ್ನೂ ಸಲೀಸು. ಆ ಸಲೀಸನ್ನೇ ಮಗು ‘ಗೊತ್ತು’ ಎಂದು ತಿಳಿಯುತ್ತದೆ. ದೊಡ್ಡವರೂ ಹಾಗೇ ತಿಳಿಯುತ್ತೇವೆ. ಬೀದಿಯಲ್ಲಿ ದಿನವೂ ಕಾಣುವವರ ಮುಖ ಗೊತ್ತು, ಹೆಸರು ಕೇಳಿದರೆ ಬಾರದು, ಹಾಗೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಗದ್ಯವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ ಮೇಲೆ ಅದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗುಮುರುಗಾಯಿತು, ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆಯ ಬೆಳಗ್ಗೆ ಪುಸ್ತಕ ತಿರುವಿಹಾಕಿ ಪಾಸಾದ ನಮಗೆಲ್ಲ ಈಗ ಅದರಲ್ಲಿ ಏನೂ ನೆನಪಿಲ್ಲದಿರುವುದಕ್ಕೆ ಕಾರಣ ಇಲ್ಲೇ ಇದೆ.

ಅಂದಿನಿಂದ ನಮ್ಮ ಮನೆಯಲ್ಲಿ ‘ಓದು’ ಎಂದರೆ ಎರಡು ಕೆಲಸ: ಒಂದು ಸಲ ನಿಧಾನವಾಗಿ ಓದುವುದು, ಪುಸ್ತಕ ಮುಚ್ಚಿ ಹೇಳುವುದು. ಹೇಳುವುದು ನನಗೇ ಆಗಬೇಕಿಲ್ಲ. ಬಟಾಣಿ ಸುಲಿಯುತ್ತಾ ಕೂತ ಅಜ್ಜಿಗೆ ಹೇಳಬಹುದು, ಸ್ಲೇಟಿನ ಮೇಲೆ ಚಿತ್ರ ಬರೆಯಬಹುದು. ತಡವರಿಸಿದಾಗ ತಕ್ಷಣ ಹೇಳಿಕೊಡಬಾರದು. ನನಗೆ ಇದು ಬಹಳ ಕಷ್ಟವಾಗುತ್ತಿತ್ತು, ಮೊದಮೊದಲು ತುಟಿ ಕಚ್ಚಿಕೊಂಡು ಕೂರುತ್ತಿದ್ದೆ. ಹೇಳಿ ಮುಗಿದ ಮೇಲೆ ಅವಳೇ ಪುಸ್ತಕ ತೆರೆದು, ಬಿಟ್ಟದ್ದನ್ನು ಹುಡುಕಬೇಕು. ಕಬಿನಿಯನ್ನು ಬಿಟ್ಟೆನೆಂದು ಅವಳಿಗೇ ಗೊತ್ತಾದಾಗ ಮುಖ ನೋಡಬೇಕಿತ್ತು. ಆ ಹೆಸರು ಇನ್ನು ಮರೆಯುವುದಿಲ್ಲ.

ಹೋದ ತಿಂಗಳು ಬಂದದ್ದು ಈ ತಿಂಗಳು ಮರೆತುಹೋಗಿರುತ್ತದೆಯಲ್ಲ?

ಮರೆತೇ ಮರೆಯುತ್ತದೆ, ಅದು ತಲೆಯ ಸ್ವಭಾವ. ಹರ್ಮನ್ ಎಬಿಂಗ್‌ಹಾಸ್ ಎಂಬ ಜರ್ಮನ್ ಪಂಡಿತ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ. ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತದೆ, ಆಮೇಲೆ ಸೋರಿಕೆ ನಿಧಾನವಾಗುತ್ತದೆ. ಸೋರುವ ಮುನ್ನ ಒಮ್ಮೆ ಮರಳಿ ನೆನೆದರೆ ಮುಂದಿನ ಸಲ ಹೆಚ್ಚು ದಿನ ನಿಲ್ಲುತ್ತದೆ.

ಡಬ್ಬಿಯ ಕಥೆ ಈಗ. ದೀಪಾವಳಿಯ ಸಿಹಿತಿಂಡಿ ಬಂದಿದ್ದ ತಗಡಿನ ಡಬ್ಬಿ, ಒಳಗೆ ರಟ್ಟು ನಿಲ್ಲಿಸಿ ಮಾಡಿದ ನಾಲ್ಕು ಖಾನೆ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದೆ, ಕಾಗದ ದಪ್ಪ. ಅದನ್ನು ಇಸ್ಪೀಟ್ ಎಲೆಯ ಅಳತೆಗೆ ಕತ್ತರಿಸಿ ಚೀಟಿ ಮಾಡುತ್ತೇವೆ. ಪ್ರತಿ ಪಾಠಕ್ಕೆ ನಾಲ್ಕೈದು ಚೀಟಿ, ಒಂದು ಬದಿ ಪ್ರಶ್ನೆ, ಮುದ್ರಣವಿರುವ ಬದಿಯ ಖಾಲಿ ಜಾಗದಲ್ಲಿ ಉತ್ತರ. ‘ಶಿವನಸಮುದ್ರದ ವಿದ್ಯುತ್ 1902ರಲ್ಲಿ ಎಲ್ಲಿಗೆ ಹೋಯಿತು?’ ಎಂಬ ಚೀಟಿ ತಿರುಗಿಸಿದರೆ ನಮ್ಮ ಚಿಕ್ಕಪ್ಪನ ಮಗನ ಹೆಸರಿನ ಕೆಳಗೆ ‘ಕೋಲಾರದ ಚಿನ್ನದ ಗಣಿಗೆ’ ಎಂದಿದೆ.

ಮೊದಲ ಖಾನೆ ದಿನವೂ ತೆಗೆಯುವುದು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ತಿಂಗಳಿಗೊಮ್ಮೆ. ಉತ್ತರ ಬಂದರೆ ಚೀಟಿ ಒಂದು ಖಾನೆ ಮುಂದಕ್ಕೆ, ಬಾರದಿದ್ದರೆ ಮತ್ತೆ ಮೊದಲನೆಯದಕ್ಕೆ. ಇದು ನನ್ನ ಆವಿಷ್ಕಾರವಲ್ಲ, ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1970ರ ದಶಕದಲ್ಲೇ ಪ್ರಚಾರಕ್ಕೆ ತಂದ ವಿಧಾನ. ಲಗ್ನಪತ್ರಿಕೆ ಮಾತ್ರ ನಮ್ಮದು. ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ಚೀಟಿಯನ್ನು ಮಗುವೇ ಬರೆಯಲಿ; ಪಾಠದಲ್ಲಿ ಕೇಳಬೇಕಾದ್ದು ಯಾವುದು ಎಂದು ಆರಿಸುವುದರಲ್ಲಿ ಅರ್ಧ ಓದು ಮುಗಿದಿರುತ್ತದೆ.

ಹಾಗಾದರೆ ಬಾಯಿಪಾಠ ಮಾಡಿಸುತ್ತೀರಾ? ಅದು ಹಳೆಯ ಕಾಲದ ಪದ್ಧತಿಯಲ್ಲವೇ?

ಮಗ್ಗಿಯ ವಿಷಯದಲ್ಲಿ ನಾನು ಅತ್ತೆಯವರ ಪಕ್ಷ. ಅವರು ಇಪ್ಪತ್ತರವರೆಗಿನ ಮಗ್ಗಿ ಅಲ್ಲದೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನೂ ರಾಗವಾಗಿ ಹೇಳುತ್ತಾರೆ. ತರಕಾರಿ ಗಾಡಿಯವನು ಲೆಕ್ಕ ಹಾಕುವ ಮುಂಚೆ ಇವರ ಬಾಯಲ್ಲಿ ಮೊತ್ತ ಬಂದಿರುತ್ತದೆ. ಏಳೆಂಟ್ಲ ಎಷ್ಟು ಎಂದು ಪ್ರತಿ ಸಲ ಬೆರಳು ಮಡಿಸುವ ಮಗುವಿಗೆ ಭಾಗಾಕಾರದ ದಾರಿ ಹಿಡಿಯಲು ಗಮನವೇ ಉಳಿಯುವುದಿಲ್ಲ. ಆದರೆ ಅರ್ಥವಾಗದ ಪಾಠದ ಪ್ರಶ್ನೋತ್ತರವನ್ನು ಗಿಣಿಪಾಠ ಮಾಡಿಸುವುದು ಬೇರೆ, ಅದು ಬೇಡ.

ನನಗೇ ಗಣಿತ ಬರುವುದಿಲ್ಲ. ನಾನು ಕಲಿಸಬಲ್ಲೆನೇ?

ಐದನೇ ತರಗತಿಯವರೆಗೆ ಧೈರ್ಯವಾಗಿ. ಉತ್ತರ ತಪ್ಪಾದಾಗ ಕೆಂಪು ಗೆರೆ ಎಳೆಯದೆ, ‘ಇದು ಹೇಗೆ ಬಂತು, ಹೇಳು’ ಎಂದು ಕೇಳುವುದನ್ನು ಮಾತ್ರ ರೂಢಿಸಿಕೊಳ್ಳಿ. ನಮ್ಮವಳು 403ರಲ್ಲಿ 178 ಕಳೆದು 375 ಎಂದು ಬರೆಯುತ್ತಿದ್ದಳು. ಅಜಾಗರೂಕತೆ ಎಂದು ನಾನು ಎರಡು ದಿನ ಗದರಿದೆ. ಮೂರನೇ ದಿನ ಕೇಳಿದೆ. ‘ಎಂಟರಲ್ಲಿ ಮೂರು ಹೋದರೆ ಐದು, ಏಳರಲ್ಲಿ ಸೊನ್ನೆ ಹೋದರೆ ಏಳು, ನಾಲ್ಕರಲ್ಲಿ ಒಂದು ಹೋದರೆ ಮೂರು’ ಎಂದಳು. ಮೇಲಿದ್ದರೇನು, ಕೆಳಗಿದ್ದರೇನು, ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಅವಳು ತಿಳಿದಿದ್ದಳು. ತಪ್ಪಿಗೂ ಒಂದು ನಿಯಮವಿತ್ತು.

ನೂರರ ನಾಲ್ಕು ನೋಟು, ಒಂದು ರೂಪಾಯಿಯ ಮೂರು ನಾಣ್ಯ ಅವಳ ಮುಂದಿಟ್ಟೆ. ‘ನನಗೆ ನೂರ ಎಪ್ಪತ್ತೆಂಟು ರೂಪಾಯಿ ಕೊಡು.’ ಒಂದು ನೋಟು ಕೊಟ್ಟಳು, ನಿಂತಳು. ‘ಚಿಲ್ಲರೆ ಇಲ್ಲವಲ್ಲ.’ ಅಜ್ಜಿಯ ಹತ್ತಿರ ಹೋಗಿ ನೂರಕ್ಕೆ ಹತ್ತರ ಹತ್ತು ನೋಟು ತಂದಳು, ಅದರಲ್ಲಿ ಒಂದನ್ನು ಮುರಿಸಿ ಹತ್ತು ನಾಣ್ಯ ತಂದಳು. ಕೈಯಲ್ಲಿ 225 ಉಳಿಯಿತು. ಪಕ್ಕದ ಮನೆಯಿಂದ ಸಾಲ ತೆಗೆದುಕೊಳ್ಳುವ ಲೆಕ್ಕ ಎಂದು ನಮಗೆ ಕಲಿಸಿದ್ದು ಸಾಲವಲ್ಲ, ಚಿಲ್ಲರೆ ಎಂದು ನನಗೂ ಅಂದೇ ಹೊಳೆದದ್ದು.

ಏಳು, ಎಂಟನೇ ತರಗತಿಗೆ ಬಂದ ಮೇಲೆ ಕೈಲಾಗದ ವಿಷಯಕ್ಕೆ ವಾರಕ್ಕೆರಡು ದಿನ ಯಾರನ್ನಾದರೂ ಗೊತ್ತು ಮಾಡಿಕೊಳ್ಳಿ. ಅದರಲ್ಲಿ ಸೋಲೇನೂ ಇಲ್ಲ.

ನಾನು ಪಕ್ಕದಲ್ಲಿ ಕೂತರೆ ಮಾತ್ರ ಓದುತ್ತಾಳೆ. ಎದ್ದರೆ ಅವಳೂ ಏಳುತ್ತಾಳೆ.

ನೀವು ಒಮ್ಮೆಲೇ ಎದ್ದು ಹೋಗಬೇಡಿ. ಮೊದಲು ಪಕ್ಕದಲ್ಲೇ ಕೂತು ನಿಮ್ಮ ಕೆಲಸ ಮಾಡಿ. ನಾನು ಬಿಲ್ಲುಗಳನ್ನು ಜೋಡಿಸುತ್ತಿದ್ದೆ. ಕೆಲವು ವಾರದ ಮೇಲೆ ಅದೇ ಕೋಣೆಯ ಇನ್ನೊಂದು ಮೂಲೆ. ಆಮೇಲೆ ಅಡುಗೆಮನೆ, ಬಾಗಿಲು ತೆರೆದೇ. ಇದರ ಜೊತೆಗೆ ಹಿಂದಿನ ರಾತ್ರಿ ಮಗುವೇ ನಾಳೆಯ ಮೂರು ಕೆಲಸ ಬರೆದಿಡಲಿ, ಅದರ ಪುಟವನ್ನು ತೆರೆದು ಓದುವ ಜಾಗದಲ್ಲಿ ಇಡಲಿ. ಬೆಳಗ್ಗೆ ‘ಏನು ಓದಲಿ’ ಎಂಬ ಪ್ರಶ್ನೆಗೇ ಅರ್ಧ ಗಂಟೆ ಹೋಗುತ್ತಿದ್ದುದು ಇದರಿಂದ ನಿಂತಿತು. ನಮ್ಮವಳು ಒಮ್ಮೆ ಮೂರನೇ ಕೆಲಸವಾಗಿ ‘ಸಪೋಟ ತಿನ್ನುವುದು’ ಎಂದು ಬರೆದಿದ್ದಳು. ತಿಂದಳು, ಗೆರೆ ಹೊಡೆದಳು. ಅದೂ ಲೆಕ್ಕಕ್ಕೆ ಸೇರಿತು.

ಕನ್ನಡ ಓದುತ್ತಾನೆ, ಬರೆಯುವಾಗ ತಪ್ಪು ವಿಪರೀತ.

ಉಕ್ತಲೇಖನ, ದಿನಕ್ಕೆ ಐದೇ ಸಾಲು. ತಪ್ಪು ತಿದ್ದುವುದು ಮಗುವಿನ ಕೆಲಸ: ಮೂಲ ಪುಟ ಪಕ್ಕದಲ್ಲಿಟ್ಟು ತಾನೇ ಹೋಲಿಸಲಿ. ಒಂದು ವಾರದ ತಪ್ಪುಗಳನ್ನು ಒಟ್ಟಿಗೆ ನೋಡಿದರೆ ಎರಡು ಮೂರು ಬಗೆ ಮಾತ್ರ ಇರುವುದು ಕಾಣುತ್ತದೆ. ನಮ್ಮಲ್ಲಿ ಮಹಾಪ್ರಾಣ ಮತ್ತು ಅರ್ಕಾವತ್ತು ಹಿಂಸೆ ಕೊಟ್ಟವು. ‘ಕಾರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ನಂತರ ಬರೆಯಬೇಕೆಂದರೆ ಮಗುವಿಗೆ ಅನ್ಯಾಯ ಅನಿಸುವುದು ಸಹಜವೇ.

ಮೊಬೈಲ್, ವೀಡಿಯೊ ಪಾಠ?

ನೋಡಲಿ, ಆದರೆ ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡಿದ್ದನ್ನು ಹೇಳಲಿ. ಹೇಳಲಾಗದಿದ್ದರೆ ಅದು ಪಾಠವಲ್ಲ, ಸಿನಿಮಾ.

ಪುಸ್ತಕಗಳು ಎಲ್ಲಿ ಸಿಗುತ್ತವೆ? ಖರ್ಚು ಎಷ್ಟಾಗುತ್ತದೆ?

ಕರ್ನಾಟಕ ಪಠ್ಯಪುಸ್ತಕ ಸಂಘದ ಮತ್ತು ಎನ್‌ಸಿಇಆರ್‌ಟಿಯ ಪುಸ್ತಕಗಳು ಜಾಲತಾಣದಲ್ಲಿ ಉಚಿತ. ಕಥೆಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಬೇಕಾದಷ್ಟಿವೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು (ಈಗ ಅರಿವು ಕೇಂದ್ರ) ಮರೆಯಬೇಡಿ. ನಮಗೆ ಕಾರಂಜಿ ಕೆರೆ, ಅದರ ದಂಡೆಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯ ಹತ್ತಿರ. ಹೋಗಿ ಬಂದ ಮೇಲೆ ಪ್ರಬಂಧ ಬರೆಸುವ ತಪ್ಪನ್ನು ನಾನು ಮಾಡಿದ್ದೆ. ಮುಂದಿನ ಸಲ ಕರೆದಾಗ ‘ಬಂದರೆ ಬರೆಯಬೇಕಾ?’ ಎಂದು ಕೇಳಿದಳು. ಅಲ್ಲಿಗೆ ಬಿಟ್ಟೆ.

ಹತ್ತನೇ ತರಗತಿಯ ಪರೀಕ್ಷೆ ಹೇಗೆ ಬರೆಯುವುದು?

ಹೆಚ್ಚಿನ ಮನೆಶಾಲೆಯ ಕುಟುಂಬಗಳು ಹಿಡಿಯುವುದು ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ದಾರಿ, ಅಂದರೆ ಎನ್‌ಐಒಎಸ್. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಹತ್ತನೇ ತರಗತಿಗೆ ಸೇರಲು ಹದಿನಾಲ್ಕು ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವನ್ನೂ ಆರಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಎಲ್ಲ ವಿಷಯವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ. ರಾಜ್ಯದ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ನಿಯಮ, ಶುಲ್ಕ ಬದಲಾಗುತ್ತಿರುತ್ತವೆ, ಮಗುವಿಗೆ ಹನ್ನೆರಡು ಆದಾಗಿನಿಂದಲೇ ಅಧಿಕೃತ ಜಾಲತಾಣ ನೋಡುತ್ತಿರಿ. ಕೈಬರಹ ಮತ್ತು ವೇಗದ ಅಭ್ಯಾಸವನ್ನು ಕೊನೆಗೆ ಬಿಡಬೇಡಿ. ಮೂರು ಗಂಟೆ ಒಂದೇ ಸಮ ಬರೆದು ರೂಢಿಯಿಲ್ಲದ ಕೈ ಎರಡನೇ ಗಂಟೆಗೇ ಸೋಲುತ್ತದೆ.

ಗೆಳೆಯರು?

ಸಂಜೆ ಬಡಾವಣೆಯ ಮಕ್ಕಳು ಬ್ಯಾಗ್ ಎಸೆದು ಹೊರಗೆ ಬರುವ ಹೊತ್ತಿಗೆ ನಮ್ಮವಳು ಗೇಟಿನಲ್ಲಿ ಕಾಯುತ್ತಿರುತ್ತಾಳೆ. ಆದರೆ ನಿಜ ಹೇಳಬೇಕು: ಮಳೆಗಾಲದಲ್ಲಿ, ಶಾಲೆಗಳ ಪರೀಕ್ಷೆಯ ದಿನಗಳಲ್ಲಿ ಅವಳು ಒಂಟಿಯಾಗುತ್ತಾಳೆ. ಇದಕ್ಕೆ ನನ್ನಲ್ಲಿ ಪೂರ್ತಿ ಪರಿಹಾರವಿಲ್ಲ. ಒಂದೇ ಮಗುವಿರುವ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಾಧ್ಯವೇ?

ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಲ್ಲದಿದ್ದರೆ ಬಹಳ ಕಷ್ಟ. ಪಾಠಕ್ಕೆ ಮೂರು ಗಂಟೆ ಸಾಕು, ಮಗುವಿಗೆ ದಿನವಿಡೀ ಯಾರಾದರೂ ಬೇಕು. ತಿಂಗಳ ಕೊನೆಯಲ್ಲಿ ನನಗೆ ಲೆಕ್ಕದ ಒತ್ತಡ. ಆ ದಿನಗಳಲ್ಲಿ ಡಬ್ಬಿ ಮತ್ತು ಮಗ್ಗಿ ಅಜ್ಜಿಯ ಪಾಲು, ಹೊಸ ಪಾಠಕ್ಕೆ ರಜೆ.

ಅಮೆರಿಕದಲ್ಲಿದ್ದೇವೆ, ಜರ್ಮನಿಯಲ್ಲಿದ್ದೇವೆ. ಇದೇ ರೀತಿ ಮಾಡಬಹುದೇ?

ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದು ಕಾನೂನುಬದ್ಧ, ನಿಯಮ ಮಾತ್ರ ರಾಜ್ಯಕ್ಕೊಂದು. ಜರ್ಮನಿಯಲ್ಲಿ ಶಾಲೆ ಕಡ್ಡಾಯ, ಮನೆಶಾಲೆಗೆ ಅವಕಾಶವಿಲ್ಲ. ಅಲ್ಲಿರುವವರು ಸಂಜೆಯ ಕನ್ನಡಕ್ಕೆ ಡಬ್ಬಿ ಬಳಸಬಹುದು.

ಮುಂದೆ ಮತ್ತೆ ಶಾಲೆಗೆ ಸೇರಿಸಬೇಕೆನಿಸಿದರೆ?

ಹದಿನಾಲ್ಕರೊಳಗಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕೆಂದು ಅದೇ ಶಿಕ್ಷಣ ಹಕ್ಕು ಕಾಯಿದೆಯ 4ನೇ ಕಲಂ ಹೇಳುತ್ತದೆ. ಆದರೂ ಕೆಲವು ಶಾಲೆಗಳು ಸತಾಯಿಸುತ್ತವೆ. ಆಗ ಹಳೆಯ ವರ್ಗಾವಣೆ ಪತ್ರ ಮತ್ತು ಪಾಠದ ನೋಟ್‌ಬುಕ್ ನೆರವಿಗೆ ಬರುತ್ತವೆ.

ಮುಂದಿನ ವಾರವೇ ಶುರು ಮಾಡುತ್ತೇವೆ. ಏನೇನು ಕೊಳ್ಳಬೇಕು?

ಮೇಜು ಕುರ್ಚಿ ಬೇಡ. ನಾವು ಕೊಂಡ ಮೇಜಿನ ಮೇಲೆ ಈಗ ಇಸ್ತ್ರಿ ಆಗಬೇಕಾದ ಬಟ್ಟೆ ಇದೆ, ಮಗಳು ಓದುವುದು ಅಡುಗೆಮನೆಯ ಹೊಸ್ತಿಲ ಬಳಿ ಚಾಪೆಯ ಮೇಲೆ. ಸಾವಿರಾರು ರೂಪಾಯಿಯ ಕಿಟ್, ವರ್ಷದ ಚಂದಾ ಯಾವುದನ್ನೂ ಮೊದಲ ಆರು ತಿಂಗಳು ಕೊಳ್ಳಬೇಡಿ. ಒಂದು ಸ್ಲೇಟು, ಬಳಪ, ಪಾಠದ ಲೆಕ್ಕ ಬರೆಯಲು ಉದ್ದನೆಯ ನೋಟ್‌ಬುಕ್ ಸಾಕು. ತಗಡಿನ ಡಬ್ಬಿ ಮನೆಯಲ್ಲೇ ಇರುತ್ತದೆ. ಹಳೆಯ ಲಗ್ನಪತ್ರಿಕೆಗಳನ್ನು ಎಸೆಯಬೇಡಿ ಎಂದು ನೆಂಟರಿಗೆಲ್ಲ ಹೇಳಿಡಿ. ಒಂದೇ ಬದಿ ಮುದ್ರಿಸಿದವು ಹೆಚ್ಚು ಅನುಕೂಲ.